ಕೇಳಿಸಲಿ ಬಿಡು

ಮಾರ್ಚ್ ೪

ಮಾವ,

‘…ಕೇಳಿಸಲಿ ಬಿಡು’ ಅಂದಿದ್ದ ನಿಮ್ಮ ಮಗ. ಅದಕ್ಕೂ ಮುಂಚೆ ಒಂದು ಪದ ಇತ್ತು, ಅದು ನನಗೆ ದಕ್ಕಲಿಲ್ಲ. ಸೈಲೆನ್ಸರ್ ಬಗೆಸಿಕೊಂಡು ಬಂದ ಪಿಕಪ್ ಬಾಗಿಲಲ್ಲಿ ನಿಂತು ಗುಡುಗುತ್ತಿತ್ತು. ನಾನು ಅಡುಗೆಮನೆ ಕಿಟಕಿಯಿಂದ ತಲೆ ಹೊರಗೆ ಹಾಕಿ, ‘ಇದೇನಿದು, ಊರಿಗೆಲ್ಲ ಡಂಗುರ ಹೊಡೀತಿದ್ದೀಯಾ?’ ಎಂದು ಕೂಗಿದೆ. ಅವನು ಏನೋ ಅಂದ. ಅಷ್ಟರಲ್ಲಿ ಎಂಜಿನ್ ಆರಿತು. ಕೊನೆಯ ಎರಡು ಪದ ಮಾತ್ರ ನನ್ನ ಪಾಲಿಗೆ ಬಂದವು. ‘ಎಲ್ಲರಿಗೂ’ ಅಂದಿರಬೇಕು ಅಂದುಕೊಂಡೆ. ‘ಊರಿಗೆ’ ಅಂತಲೂ ಇರಬಹುದು. ಐದು ವರ್ಷದ ಹಿಂದಿನ ಮಾತು. ಕೇಳಿ ತಿಳಿದುಕೊಳ್ಳುವಷ್ಟು ದೊಡ್ಡದೆಂದು ಆಗ ಅನ್ನಿಸಲಿಲ್ಲ.

ಈಗ ನೆನಪಾಗಲು ಕಾರಣವಿದೆ. ಅವನು ಬಿಟ್ಟು ಹೋದದ್ದು ಎರಡನ್ನು: ಒಂದು ಪಿಕಪ್, ಇನ್ನೊಂದು ನಾನು. ಎರಡೂ ಓಡುತ್ತಿವೆ. ನರ್ಸಿಂಗ್ ಹೋಮ್‌ನಿಂದ ಮಾಸಿದ ಹಾಸಿಗೆ ಬಟ್ಟೆಗಳನ್ನು ಲಾಂಡ್ರಿಗೆ ಒಯ್ದು, ಒಗೆದದ್ದನ್ನು ವಾಪಸು ತಂದು ಹಾಕುವ ಕೆಲಸ ಒಂದು ವರ್ಷದಿಂದ ನನ್ನದು. ಮೊನ್ನೆ ಅಲ್ಲಿನ ಹಿರಿಯ ನರ್ಸ್ (ಎಲ್ಲರೂ ಅವರನ್ನು ದೊಡ್ಡ ಸಿಸ್ಟರ್ ಅನ್ನುತ್ತಾರೆ) ನನ್ನನ್ನು ಪಕ್ಕಕ್ಕೆ ಕರೆದರು. ‘ನೋಡಮ್ಮ, ನಾವು ಮಾತ್ರೆ ಕೊಟ್ಟು ಮಲಗಿಸ್ತೀವಿ, ನೀನು ಬಂದು ಎಬ್ಬಿಸ್ತೀಯ. ಎರಡನೇ ಮಹಡಿಯ ಅಜ್ಜ ಒಬ್ಬರು ದಿನಾ ಬೆಳಿಗ್ಗೆ ಯುದ್ಧ ಶುರುವಾಯ್ತು ಅಂತ ಮಂಚದ ಕೆಳಗೆ ಹೋಗಿ ಕೂತ್ಕೊಳ್ತಾರೆ’ ಅಂದರು. ಒಗೆದ ಚಾದರಗಳಿಗೆ ಹೊಗೆಯ ವಾಸನೆ ಬಡಿಯುತ್ತದೆ ಎನ್ನುವುದು ಇನ್ನೊಂದು ದೂರು. ಮೇ ತಿಂಗಳು ಮುಗಿಯುವುದರೊಳಗೆ ಗಾಡಿ ಬಾಯಿ ಮುಚ್ಚಬೇಕು. ಇಲ್ಲವಾದರೆ ಕೆಲಸ ಬೇರೆಯವರಿಗೆ. ಮರ್ಯಾದೆಯಿಂದಲೇ ಹೇಳಿದರು.

ಈ ಕೆಲಸ ಹೋದರೆ ಗಾಡಿಯನ್ನೂ ಮಾರಬೇಕಾಗುತ್ತದೆ. ಆಮೇಲೆ ಏನು ಮಾಡುತ್ತೇನೋ ಗೊತ್ತಿಲ್ಲ. ನೀವು ಜೀವಮಾನವೆಲ್ಲ ಸೈಲೆನ್ಸರ್ ಕಟ್ಟಿದವರು. ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಸಣ್ಣತ್ತೆ ಎತ್ತಿಕೊಂಡು, ‘ಅಣ್ಣ ಸ್ನಾನಕ್ಕೆ ಹೋಗಿದ್ದಾನೆ’ ಅಂದರು. ನೀವು ಇಷ್ಟು ಸ್ನಾನ ಮಾಡುವವರೆಂದು ನನಗೆ ಗೊತ್ತಿರಲಿಲ್ಲ. ಒಂದು ಸಮಯ ಹೇಳಿದರೆ ಫೋನನ್ನೇ ಪೈಪಿನ ಬಾಯಿಗೆ ಹಿಡಿಯುತ್ತೇನೆ. ಕೇಳಿ, ಏನು ಬದಲಾಯಿಸಬೇಕೆಂದು ಹೇಳಿದರೆ ಸಾಕು.

ನಿಮ್ಮ ಸೊಸೆ


ಮಾರ್ಚ್ ೧೫

ಅಮ್ಮಾ,

ಕಾಗದ ಬಂತು. ಸ್ನಾನದ ವಿಷಯ ಬಿಡು.

ನಿನ್ನ ಗಂಡ ಹೊಟ್ಟೆ ಬಗೆಸಿದ ಆ ಡಬ್ಬ ನಾನೇ ಕಟ್ಟಿದ್ದು. ಒಳಗೆ ಮೂರು ಅಡ್ಡ ತಗಡು, ಎರಡು ತೂತು ಕೊಳವೆ. ಅದನ್ನೆಲ್ಲ ಕಿತ್ತು ಬರೀ ಟೊಳ್ಳು ಮಾಡಿಸಿಕೊಂಡು, ತಂದು ನನ್ನ ಶೆಡ್ಡಿನ ಮುಂದೆಯೇ ನಿಲ್ಲಿಸುತ್ತಿದ್ದ. ಇಷ್ಟು ವರ್ಷ ಈ ಬೀದಿಯಲ್ಲಿ ಕೂತು ಊರಿನ ಗಾಡಿಗಳ ಬಾಯಿ ಮುಚ್ಚಿಸಿದವನು ನಾನು. ಗಿರಾಕಿಗಳು ನಗುತ್ತಿದ್ದರು. ಹೇಳಿದೆ, ಬೈದೆ, ಒಂದು ದಿನ ಇನ್ನು ಈ ಗಾಡಿಯಲ್ಲಿ ಬರುವುದಾದರೆ ಬರಬೇಡ ಅಂದೆ. ಬರಲಿಲ್ಲ. ಅದಿರಲಿ.

ಫೋನನ್ನು ಪೈಪಿಗೆ ಹಿಡಿಯಬೇಡ. ಫೋನು ಎಲ್ಲ ಸದ್ದನ್ನೂ ಒಂದೇ ಮಾಡಿಬಿಡುತ್ತದೆ. ಬರೆದು ಕಳಿಸು. ಬಾಯಲ್ಲಿ ಹೇಗೆ ಅನ್ನುತ್ತೀಯೋ ಹಾಗೇ ಅಕ್ಷರದಲ್ಲಿ ಬರೆ. ಗುಡುಗುಡು ಬೇರೆ, ಗಡಗಡ ಬೇರೆ, ಬುಡುಬುಡು ಬೇರೆ. ತಣ್ಣಗಿರುವಾಗ ಏನು, ಬಿಸಿಯಾದ ಮೇಲೆ ಏನು, ಗುಂಡಿಗೆ ಇಳಿದಾಗ ಏನು, ಎಲ್ಲ ಬರೆ. ‘ಒಂಥರಾ ಸದ್ದು’ ಎಂದು ಮಾತ್ರ ಬರೆಯಬೇಡ. ಗಿರಾಕಿಗಳೆಲ್ಲ ಹಾಗೇ ಅನ್ನುವುದು. ಒಂಥರಾ ಸದ್ದಿಗೆ ಒಂಥರಾ ರಿಪೇರಿ ಆಗುತ್ತದೆ.

ಹತ್ತಿರದಲ್ಲಿ ಕೈ ಶುದ್ಧವಿರುವ ವೆಲ್ಡರ್ ಯಾರಾದರೂ ಇದ್ದಾರೆಯೇ?

ಮಾವ


ಏಪ್ರಿಲ್ ೨

ಮಾವ,

ವೆಲ್ಡರ್ ಇದ್ದಾನೆ. ನಮ್ಮ ಬೀದಿಯ ತುದಿಯಲ್ಲೇ ಅಂಗಡಿ. ಎಲ್ಲರೂ ಅವನನ್ನು ಕಿಡಿ ಅನ್ನುತ್ತಾರೆ; ಕೆಲಸಕ್ಕೋ ಬಾಯಿಗೋ ಹೇಳುವುದು ಕಷ್ಟ. ಕೈ ಶುದ್ಧವಿದೆ. ಬಾಯಿಯ ಭರವಸೆ ಕೊಡುವುದಿಲ್ಲ.

ನೀವು ಹೇಳಿದ ಹಾಗೆ ಒಂದು ಭಾನುವಾರವೆಲ್ಲ ಗಾಡಿಯ ಪಕ್ಕ ನೆಲದ ಮೇಲೆ ಕೂತು ಕೇಳಿದೆ. ಕೈಯಲ್ಲಿ ಪೆನ್ನು ಹಿಡಿದು ಪೈಪಿನ ಕಡೆ ಕಿವಿ ಕೊಟ್ಟದ್ದನ್ನು ನೋಡಿ ಕಿಡಿ, ‘ಏನಕ್ಕಾ, ಗಾಡಿ ಏನಾದ್ರೂ ಮರಣಶಾಸನ ಹೇಳ್ತಾ ಇದೆಯಾ?’ ಎಂದು ಕೇಳಿದ. ಸದ್ದು ಬರೆದುಕೊಳ್ಳುತ್ತಿದ್ದೇನೆ ಅಂದೆ. ಆಮೇಲೆ ಅವನೂ ಬಂದು ಕೂತ. ಅದು ಗುಡುಗುಡು ಎಂದು ನಾನು, ಅಲ್ಲ ಗುಢುಗುಢು ಎಂದು ಅವನು. ‘ಮಹಾಪ್ರಾಣ ಹಾಕಕ್ಕಾ, ಎದೆಗೆ ಗುದ್ದುತ್ತಲ್ಲ!’

ನನಗೆ ಕೇಳಿಸಿದ್ದು ಇಷ್ಟು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಗಲಗಲ, ಸ್ವಲ್ಪ ಹೊತ್ತು, ಆಮೇಲೆ ನಿಲ್ಲುತ್ತದೆ. ಎಂಜಿನ್ನಿನ ಹತ್ತಿರ ಚುಸ್ ಚುಸ್. ಅದೂ ಬಿಸಿಯಾದ ಮೇಲೆ ಇಲ್ಲ. ಗುಂಡಿಗೆ ಇಳಿದಾಗ ಹಿಂದಿನಿಂದ ಟಣ್ ಎಂದು ಒಂದೇ ಸಲ, ಯಾರೋ ಪಾತ್ರೆ ಕುಕ್ಕಿದ ಹಾಗೆ. ಉಳಿದ ಹೊತ್ತೆಲ್ಲ ಗುಡುಗುಡು. ಏರು ಹತ್ತುವಾಗ ಅದು ಕಿವಿಗಿಂತ ಮೊದಲು ಸೀಟಿಗೆ ತಿಳಿಯುತ್ತದೆ.

ಬರೆಯುತ್ತಾ ಒಂದು ವಿಷಯ ಹೊಳೆಯಿತು. ಸದ್ದಿಗೆ ನಮ್ಮಲ್ಲಿ ಇಷ್ಟೊಂದು ಪದ. ಸದ್ದಿಲ್ಲದಿರುವುದಕ್ಕೆ ಹೆಚ್ಚು ಕಡಿಮೆ ‘ಸುಮ್ಮನೆ’ ಒಂದೇ. ಕಾರಣವಿಲ್ಲದಿರುವುದಕ್ಕೂ ಅದೇ ಪದ. ನಿಮ್ಮ ಮಗ ಎಲ್ಲಿ ಎಂದು ಕೇಳಿದವರಿಗೆ ‘ಸುಮ್ಮನೆ ಹೋದ’ ಅನ್ನುತ್ತೇನೆ. ಸದ್ದಿಲ್ಲದೆ ಎಂದು ತಿಳಿಯುವವರು ಹಾಗೆ ತಿಳಿಯುತ್ತಾರೆ, ಕಾರಣವಿಲ್ಲದೆ ಎಂದು ತಿಳಿಯುವವರು ಹಾಗೆ. ಎರಡೂ ಸುಳ್ಳಲ್ಲ. ಇಷ್ಟು ಸದ್ದಿನ ಗಾಡಿಯನ್ನು ಇಟ್ಟುಕೊಂಡವನು ಹೋಗುವಾಗ ನಡೆದುಕೊಂಡು ಹೋದ. ದೂರದ ಯಾವುದೋ ಅಣೆಕಟ್ಟಿನ ಕೆಲಸಕ್ಕೆ, ದೊಡ್ಡ ಯಂತ್ರ ಓಡಿಸುವುದಕ್ಕೆ. ಮೊದಮೊದಲು ಕಾಗದ ಬರುತ್ತಿತ್ತು. ಆಮೇಲೆ ನಾನು ಬರೆದದ್ದೇ ವಾಪಸು ಬಂತು, ‘ಈ ವಿಳಾಸದಲ್ಲಿ ಇಲ್ಲ’ ಎಂಬ ಮೊಹರಿನೊಂದಿಗೆ.

ಇದೆಲ್ಲ ಸೈಲೆನ್ಸರಿಗೆ ಸಂಬಂಧಿಸಿದ್ದಲ್ಲ. ಹೊಡೆದು ಹಾಕಬೇಕೆಂದುಕೊಂಡೆ, ಕಾಗದ ಹಾಳಾಗುತ್ತದೆ ಎಂದು ಬಿಟ್ಟಿದ್ದೇನೆ.

ನಿಮ್ಮ ಸೊಸೆ


ಏಪ್ರಿಲ್ ೧೧

ಅಮ್ಮಾ,

ಚುಸ್ ಚುಸ್ ಅಂದರೆ ಗ್ಯಾಸ್ಕೆಟ್ ಹೋಗಿದೆ. ಎಂಜಿನ್ನಿಗೂ ಪೈಪಿಗೂ ನಡುವಿನದು. ಬಿಸಿಯಾದಾಗ ಕಬ್ಬಿಣ ಹಿಗ್ಗಿ ಬಿರುಕು ಮುಚ್ಚುತ್ತದೆ, ಅದಕ್ಕೇ ಸದ್ದು ನಿಲ್ಲುವುದು. ವಾಸಿಯಾಯಿತು ಅಂದುಕೊಳ್ಳಬೇಡ. ಟಣ್ ಅನ್ನುವುದು ಡಬ್ಬ ನೇತುಹಾಕಿದ ರಬ್ಬರು, ಹರಿದಿರುತ್ತದೆ. ಗುಡುಗುಡು ಏನೆಂದು ನಿನಗೂ ಗೊತ್ತು ನನಗೂ ಗೊತ್ತು. ಮಹಾಪ್ರಾಣ ಬೇಡ.

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಗಳಗಳ ಎಂದು ಬರೆದಿದ್ದೀಯ. ಗಾಡಿಯೋ ನೀನೋ ಎಂದು ಎರಡು ಸಲ ಓದಿದೆ.

ಗಾಡಿಯದಾದರೆ, ಡಬ್ಬದಲ್ಲಿ ನೀರು ನಿಂತಿದೆ. ಹೊಗೆಯಲ್ಲಿ ನೀರಿರುವುದು ಜನಕ್ಕೆ ಗೊತ್ತಿಲ್ಲ. ದೂರ ಓಡಿಸಿದರೆ ಬಿಸಿಗೆ ಹಾರಿಹೋಗುತ್ತದೆ. ಇಲ್ಲಿಂದಲ್ಲಿಗೆ ಓಡಿಸಿ ಆರಿಸಿಟ್ಟರೆ ಒಳಗೇ ಇಳಿದು ನಿಲ್ಲುತ್ತದೆ. ತಗಡನ್ನು ಒಳಗಿನಿಂದ ತಿನ್ನುತ್ತದೆ. ಹೊರಗೆ ಬಣ್ಣ ಚೆನ್ನಾಗಿಯೇ ಇರುತ್ತದೆ. ಡಬ್ಬದ ತೀರಾ ತಗ್ಗಿನ ಜಾಗದಲ್ಲಿ ಒಂದು ಸಣ್ಣ ತೂತು ಹಾಕಿಸು.

ನಿನ್ನದಾದರೆ, ಆ ಕೆಲಸ ನನಗೆ ಬರುವುದಿಲ್ಲ. ಅಲ್ಲೂ ಒಂದು ತೂತು ಇದ್ದರೆ ಒಳ್ಳೆಯದೆಂದು ಕಾಣುತ್ತದೆ.

ಮಾವ


ಏಪ್ರಿಲ್ ೨೦

ಮಾವ,

ಅದು ಗಲಗಲ. ಕಾಳು ಹಾಕಿ ಅಲ್ಲಾಡಿಸಿದ ಡಬ್ಬದ ಹಾಗೆ, ಗಲಗಲ. ನನ್ನ ಲ ಅವಸರದಲ್ಲಿ ಳ ಆಗುತ್ತದೆ. ಶಾಲೆಯಲ್ಲಿ ಮೇಷ್ಟ್ರು ಇದಕ್ಕಾಗಿಯೇ ಬೆಂಚಿನ ಮೇಲೆ ನಿಲ್ಲಿಸಿದ್ದರು, ಬುದ್ಧಿ ಬರಲಿಲ್ಲ.

ಆದರೆ ನಿಮ್ಮ ಕಾಗದ ಬಂದ ದಿನವೇ ತೂತು ಹಾಕಿಸಿಬಿಟ್ಟೆ. ನೀವು ಓದಿದ್ದು ತಪ್ಪೆಂದು ನನಗೆ ಗೊತ್ತಿತ್ತು, ಆದರೂ ಹಾಕಿಸಿದೆ. ಕಿಡಿ ಗಾಡಿಯ ಕೆಳಗೆ ತೂರಿ ಡ್ರಿಲ್ ಹಿಡಿದ. ಮರುಗಳಿಗೆ ಥೂ ಥೂ ಎಂದು ಉಗಿಯುತ್ತಾ ಹೊರಗೆ ಬಂದ, ಮುಖದ ತುಂಬ ತುಕ್ಕಿನ ನೀರು. ಒಂದು ಚೊಂಬಿನಷ್ಟಾದರೂ ಇತ್ತು. ‘ಅಕ್ಕಾ, ನಿಮ್ಮ ಮಾವ ಅಷ್ಟು ದೂರದಲ್ಲಿ ಕೂತು ಇಲ್ಲಿಯ ನೀರು ಕಂಡುಹಿಡಿದ್ರಲ್ಲ, ಅವರ ಕಿವಿಯೇ ಕಿವಿ!’ ಅಂದ. ತಪ್ಪು ಓದಿದ್ದೆಂದು ಅವನಿಗೆ ಹೇಳಲಿಲ್ಲ. ಅವನು ಬೀದಿಗೆಲ್ಲ ನಿಮ್ಮ ಹೆಸರು ಹೇಳಿಕೊಂಡು ತಿರುಗುತ್ತಿದ್ದಾನೆ.

ಎರಡನೆಯ ತೂತಿನ ಬಗ್ಗೆ ಏನೂ ಬರೆಯುವುದಿಲ್ಲ. ಓದಿದ್ದು ಪೂರಾ ತಪ್ಪೆಂದೂ ಹೇಳುವ ಹಾಗಿಲ್ಲ.

ಗಲಗಲಕ್ಕೆ ಏನು ಮಾಡಬೇಕು? ಮೇ ಹತ್ತಿರ ಬಂತು.

ನಿಮ್ಮ ಸೊಸೆ


ಏಪ್ರಿಲ್ ೨೯

ಅಮ್ಮಾ,

ಗಲಗಲಕ್ಕೆ ಏನೂ ಮಾಡಬೇಡ. ಅಡ್ಡ ತಗಡು ಕಿತ್ತವನು ಒಳಗೆ ಎಲ್ಲೋ ಒಂದು ಚೂರು ಬಿಟ್ಟಿರುತ್ತಾನೆ, ಅದು ಕುಣಿಯುತ್ತಿದೆ. ಆ ಡಬ್ಬದ ಕಾಲ ಮುಗಿಯಿತು. ಎಲ್ಲ ಹೊಸದು ಮಾಡಿಸು: ಗ್ಯಾಸ್ಕೆಟ್, ಪೈಪು, ಡಬ್ಬ, ರಬ್ಬರು, ಬಾಲದ ಕೊಳವೆ.

ಇನ್ನೊಂದು ಹಾಳೆಯಲ್ಲಿ ಚಿತ್ರ ಬರೆದಿದ್ದೇನೆ, ಕಿಡಿಗೆ ಕೊಡು. ಪೈಪು ಮೊದಲಿನದಕ್ಕಿಂತ ಒಂದು ನೂಲು ದಪ್ಪ ಇರಲಿ. ಬಾಯಿ ಮುಚ್ಚಿಸುವುದೆಂದರೆ ಉಸಿರು ಕಟ್ಟಿಸುವುದಲ್ಲ. ಅಗ್ಗದ ಡಬ್ಬ ಹಾಕುವವರು ಅಲ್ಲೇ ತಪ್ಪುವುದು, ಗಾಡಿ ಸುಮ್ಮನಾಗುತ್ತದೆ, ಏರು ಮಾತ್ರ ಹತ್ತುವುದಿಲ್ಲ. ಡಬ್ಬಕ್ಕೆ ಎರಡು ಪದರ ತಗಡು. ತಗ್ಗಿನ ಜಾಗದಲ್ಲಿ ತೂತು ಮೊದಲೇ ಇರಲಿ. ಬಾಲವನ್ನು ಹಿಂದಕ್ಕೆ ಬಿಡದೆ ಚಕ್ರ ದಾಟಿಸಿ ಪಕ್ಕಕ್ಕೆ ತಿರುಗಿಸಲಿ, ಚಾದರಕ್ಕೆ ಹೊಗೆ ಬಡಿಯುವುದಿಲ್ಲ.

ಅವನಿಗೆ ಹೊಗಳಿಕೆ ಕಡಿಮೆ ಮಾಡಲು ಹೇಳು. ನನ್ನ ಕಿವಿಯ ವಿಷಯ ಬೀದಿಯಲ್ಲಿ ಆಡುವುದು ಬೇಡ.

ಮಾವ


ಮೇ ೨೩

ಮಾವ,

ಆಯಿತು. ಕಿಡಿ ಎರಡು ದಿನ ಮಾತಾಡದೆ ಕೆಲಸ ಮಾಡಿದ. ಅಂಥ ಎರಡು ದಿನ ಇತಿಹಾಸದಲ್ಲೇ ಇರಲಿಲ್ಲ ಎಂದು ಅವನ ಹೆಂಡತಿ ಬಂದು ನೋಡಿಕೊಂಡು ಹೋದಳು. ಮುಗಿಸಿ, ಸ್ಟಾರ್ಟ್ ಮಾಡಿ, ನನ್ನ ಮುಖ ನೋಡುತ್ತಾ ನಿಂತ. ನಾನು, ‘ಮಾಡು, ಸ್ಟಾರ್ಟ್ ಮಾಡು’ ಅಂದೆ. ‘ಆಗಿದೆ ಅಕ್ಕಾ’ ಅಂದ.

ನರ್ಸಿಂಗ್ ಹೋಮ್‌ನ ಹಿತ್ತಿಲ ಬಾಗಿಲಿಗೆ ಗಾಡಿ ತಂದು ನಿಲ್ಲಿಸಿ ಕಾದೆ. ಯಾರೂ ಬರಲಿಲ್ಲ. ಇಷ್ಟು ದಿನ ಗಾಡಿಯ ಸದ್ದೇ ಕಾಲಿಂಗ್ ಬೆಲ್ ಆಗಿತ್ತು. ಕೊನೆಗೆ ನಾನೇ ಒಳಗೆ ಹೋದಾಗ ದೊಡ್ಡ ಸಿಸ್ಟರ್ ಬೆಚ್ಚಿ, ‘ಯಾವಾಗ ಬಂದೆಯಮ್ಮ, ಕಳ್ಳಬೆಕ್ಕಿನ ಹಾಗೆ?’ ಅಂದರು. ಚಾದರ ಮೂಸಿ ನೋಡಿದರು. ಕೆಲಸ ನನಗೇ ಉಳಿಯಿತು. ಎರಡನೇ ಮಹಡಿಯ ಅಜ್ಜನಿಗೆ ಮಾತ್ರ ಬೇಜಾರಂತೆ. ಯುದ್ಧ ಯಾಕೆ ನಿಂತಿತು, ಯಾರು ಸೋತರು ಎಂದು ದಿನಾ ಕೇಳುತ್ತಾರಂತೆ.

ಗಾಡಿಯೊಳಗೆ ಈಗ ಬೇರೆ ಸದ್ದುಗಳಿವೆ. ಬೀಗದ ಕೈಗೊಂಚಲು, ಸೀಟಿನ ಸ್ಪ್ರಿಂಗು. ಇನ್ನೊಂದು ಯಾವುದೋ ಸಣ್ಣ ಗೊಣಗಾಟ ಎಲ್ಲಿಂದ ಎಂದು ಹುಡುಕಿ ಹುಡುಕಿ, ಅದು ನಾನೇ ಎಂದು ಮೂರನೇ ದಿನ ತಿಳಿಯಿತು. ಓಡಿಸುವಾಗ ನಾನು ಯಾರೊಂದಿಗೋ ಜಗಳವಾಡುತ್ತಿರುತ್ತೇನೆ.

ಹಳೆಯ ಡಬ್ಬವನ್ನು ಗುಜರಿಗೆ ಹಾಕಲಾ ಎಂದು ಕಿಡಿ ಕೇಳಿದ. ಮೆಟ್ಟಿಲ ಕೆಳಗೆ ಇಟ್ಟಿದ್ದೇನೆ. ಸುಮ್ಮನೆ.

ಮುಂದಿನ ತಿಂಗಳು ಒಂದು ದಿನ ಬಂದು ನಿಮಗೆ ಗಾಡಿ ತೋರಿಸುತ್ತೇನೆ. ಯಾವ ದಿನ ಎಂದು ಬರೆಯುವುದಿಲ್ಲ. ನೀವೇ ಕೇಳಿಸಿಕೊಂಡು ಹೇಳಿ, ಬಂದಿದ್ದು ಗೊತ್ತಾಯಿತೋ ಇಲ್ಲವೋ ಎಂದು.

ನಿಮ್ಮ ಸೊಸೆ


ಜೂನ್ ೧೯

ಏನೇ ಹುಡುಗಿ,

ನೀನು ಬಿಟ್ಟು ಹೋದ ಕೊಡೆ ನನ್ನ ಹತ್ರ ಇದೆ. ಅದಕ್ಕೇ ಕಾಗದ ಅಂದ್ಕೋ. ನನ್ನ ಅಕ್ಷರ ನೋಡಿ ನಗಬೇಡ.

ಮೊನ್ನೆ ನೀನು ಮುಖ ಸಣ್ಣಗೆ ಮಾಡ್ಕೊಂಡು ಹೋದೆ, ನನಗೆ ಕಂಡಿತು. ಶೆಡ್ಡಿನ ಬಾಗಿಲಲ್ಲಿ ನಿಂತು ಮಾವ, ಮಾವ ಅಂತ ನೀನು ಕರೀತಾ ಇದ್ದೆ. ಅವನು ಬೆನ್ನು ಹಾಕಿ ಕೂತು ತಗಡು ಉಜ್ಜುತ್ತಾನೇ ಇದ್ದ. ನಾನು ಒಳಗಿಂದ ಬಂದು ಅವನ ಬೆನ್ನು ತಟ್ಟೋ ಹೊತ್ತಿಗೆ ನೀನು ಎಷ್ಟು ಹೊತ್ತು ನಿಂತಿದ್ದೆಯೋ ಏನೋ. ಬೇಕಂತ ಮಾಡಿದ ಅಂತ ತಿಳ್ಕೊಂಡಿರ್ತೀಯ. ಗಾಡಿ ಸ್ಟಾರ್ಟ್ ಮಾಡಿ ಹೇಗಿದೆ ಮಾವ ಅಂತ ನೀನು ಕೇಳಿದಾಗ, ಕೈಯನ್ನು ಡಬ್ಬದ ಹತ್ತಿರ ಹಿಡಿದು ಚೆನ್ನಾಗಿದೆ ಅಂದನಲ್ಲ, ಅದು ಕೈಯಲ್ಲಿ ಕೇಳಿಸಿಕೊಂಡಿದ್ದು ಕಣೇ. ಕಿವಿಯಲ್ಲಿ ಅಲ್ಲ.

ಅವನಿಗೆ ಕಿವಿ ಹೋಗಿ ಐದು ವರ್ಷ ದಾಟಿತು. ಜೀವಮಾನವೆಲ್ಲ ತಗಡು ಬಡಿದದ್ದಕ್ಕೆ ಬಂದ ಬಹುಮಾನ. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ ಹೇಗೋ ನಡೆಸ್ತಾನೆ. ಫೋನಿಗೆ ತುಟಿ ಎಲ್ಲಿ ಬರಬೇಕು? ನಾನು ಸ್ನಾನಕ್ಕೆ ಕಳಿಸ್ತೀನಿ. ಸೈಲೆನ್ಸರ್ ಕಟ್ಟುವವನಿಗೆ ಕಿವಿ ಕೇಳಿಸಲ್ಲ ಅಂದ್ರೆ ಗಿರಾಕಿ ಬರ್ತಾರಾ ಅಂತ ಯಾರಿಗೂ ಹೇಳಬೇಡ ಅಂದಿದ್ದಾನೆ. ನಿನಗಂತೂ ಹೇಳಲೇಬಾರದು ಅಂದಿದ್ದ. ನಾನೂ ಹೇಳ್ತಿಲ್ಲ, ಬರೀತಿದ್ದೀನಿ.

ಮೊದಲು ಪತ್ತೆ ಮಾಡಿದ್ದು ನಿನ್ನ ಗಂಡನೇ. ಒಂದು ದಿನ ನಾನು ಮನೇಲಿರಲಿಲ್ಲ. ಅಣ್ಣ ಒಳಗಿಂದ ಚಿಲಕ ಹಾಕ್ಕೊಂಡು ಕೆಲಸ ಮಾಡ್ತಿದ್ದ. ಅವನು ಹೊರಗೆ ಬಿಸಿಲಲ್ಲಿ ನಿಂತು ಅಪ್ಪಾ ಅಪ್ಪಾ ಅಂತ ಬಾಗಿಲು ಬಡಿದು ಬಡಿದು, ನಾನು ಬರೋ ಹೊತ್ತಿಗೆ ಮೆಟ್ಟಿಲ ಮೇಲೆ ಕೂತಿದ್ದ. ಕಣ್ಣು ಕೆಂಪಗಿತ್ತು. ಮುಂದಿನ ಸಲ ಬಂದಾಗ ಗಾಡಿಗೆ ಆ ಅಪಸ್ವರ ಕಟ್ಟಿಸಿಕೊಂಡು ಬಂದಿದ್ದ. ನಿಮ್ಮಣ್ಣನ ಮಗನಿಗೆ ಈ ವಯಸ್ಸಿಗೆ ಶೋಕಿ ಬಂತಲ್ಲ ಅಂತ ಬೀದಿಯೆಲ್ಲ ಆಡ್ಕೊಂಡು ನಕ್ಕಿತು. ಆದರೆ ಒಂದು ಹೇಳ್ತೀನಿ, ಗಾಡಿ ತಿರುವಿಗೆ ಬರೋ ಅಷ್ಟರಲ್ಲಿ ಅಣ್ಣನಿಗೆ ಕಾಲ ಕೆಳಗೆ ಗೊತ್ತಾಗ್ತಿತ್ತು. ಎದ್ದು ಹೋಗಿ ಚಿಲಕ ತೆಗೆದು ಬಾಗಿಲಲ್ಲೇ ನಿಂತು ಬೈಯೋಕೆ ಶುರು ಮಾಡ್ತಿದ್ದ. ಅಷ್ಟು ಲಕ್ಷಣವಾಗಿ ಬೈಯೋದು ಈಗ ಕೇಳಿ ಎಷ್ಟು ದಿನವಾಯ್ತು.

ಕೊಡೆ ಬೇಕಾದರೆ ಬಂದು ತಗೊಂಡು ಹೋಗು.

ಸಣ್ಣತ್ತೆ


ಜುಲೈ ೮

ಮಾವ,

ಇಷ್ಟು ದಿನ ಬರೆಯಲಿಲ್ಲ. ಎರಡು ಸಲ ಬರೆದು ಹರಿದೆ.

ಗಾಡಿ ಚೆನ್ನಾಗಿದೆ. ಏರು ಸಲೀಸಾಗಿ ಹತ್ತುತ್ತದೆ. ಗಲಗಲವಿಲ್ಲ, ಗಳಗಳವೂ ಇಲ್ಲ. ದೂರು ಹೇಳಲು ಏನೂ ಇಲ್ಲ. ಆದರೂ ಒಂದು ಬದಲಾವಣೆ ಬೇಕು. ನಿಮಗೆ ಇದು ಹುಚ್ಚು ಅನ್ನಿಸುತ್ತದೆ.

ಗಾಡಿ ಸುಮ್ಮನೆಯೇ ಇರಬೇಕು: ನರ್ಸಿಂಗ್ ಹೋಮ್‌ನಲ್ಲಿ, ಲಾಂಡ್ರಿಯಲ್ಲಿ, ನಮ್ಮ ಬೀದಿಯಲ್ಲಿ. ಆದರೆ ನಾನು ಬೇಕೆಂದಾಗ, ಬೇಕೆಂದ ಕಡೆ, ಸ್ವಲ್ಪ ಹೊತ್ತು ಮೊದಲಿನ ಹಾಗೆ ಗುಡುಗಬೇಕು. ಅಂಥದ್ದು ಮಾಡಲು ಬರುತ್ತದೆಯೇ ಎಂದು ಕಿಡಿಯನ್ನು ಕೇಳಿದೆ. ‘ಅಕ್ಕಾ, ನೀವು ಇಷ್ಟೆಲ್ಲ ಕಷ್ಟಪಟ್ಟು ಹಲ್ಲು ಕೀಳಿಸಿಕೊಂಡು ಈಗ ಕಬ್ಬು ಕೊಡಿ ಅಂತಿದ್ದೀರಿ’ ಎಂದು ನಕ್ಕ. ಆಮೇಲೆ, ‘ನಿಮ್ಮ ಮಾವ ಚಿತ್ರ ಬರೆದುಕೊಟ್ಟರೆ ಮಾಡ್ತೀನಿ’ ಅಂದ.

ಯಾಕೆ ಎಂದು ಕೇಳಬೇಡಿ. ಕೇಳಿದರೆ ನನಗೆ ಬರೆಯಲು ಬರುವುದಿಲ್ಲ. ಬರೆದರೂ ನನ್ನ ಅಕ್ಷರ ನಿಮಗೆ ಗೊತ್ತೇ ಇದೆ.

ನಿಮ್ಮ ಸೊಸೆ


ಆಗಸ್ಟ್ ೧

ಅಮ್ಮಾ,

ಒಂದು ಗಾಡಿಗೆ ಎರಡು ನಾಲಿಗೆ. ನನ್ನ ಶೆಡ್ಡಿಗೆ ಯಾರಾದರೂ ಬಂದು ಕೇಳಿದ್ದರೆ ಓಡಿಸುತ್ತಿದ್ದೆ.

ಚಿತ್ರ ಈ ಹಾಳೆಯ ಹಿಂಬದಿಯಲ್ಲಿದೆ. ಡಬ್ಬಕ್ಕಿಂತ ಮುಂಚೆ ಪೈಪಿಗೆ ಒಂದು ಮೋಟು ಕವಲು. ಕವಲಿನ ಬಾಯಿಗೆ ಸ್ಪ್ರಿಂಗ್ ಹಾಕಿದ ಮುಚ್ಚಳ. ಮುಚ್ಚಳದಿಂದ ಸೈಕಲ್ ಬ್ರೇಕಿನ ತಂತಿಯನ್ನು ಸೀಟಿನ ಪಕ್ಕಕ್ಕೆ ತಂದು ಒಂದು ಹಿಡಿ. ಎಳೆದರೆ ಹೊಗೆ ಡಬ್ಬಕ್ಕೆ ಹೋಗದೆ ನೇರ ಹೊರಗೆ ಬರುತ್ತದೆ, ಗುಡುಗುತ್ತದೆ. ಬಿಟ್ಟರೆ ಸ್ಪ್ರಿಂಗೇ ಮುಚ್ಚುತ್ತದೆ. ಕವಲು ನೆಲದ ಕಡೆ ಮುಖ ಮಾಡಿರಲಿ. ಸದ್ದು ನೆಲಕ್ಕೆ ಬಿದ್ದರೆ ದೂರ ಹೋಗುತ್ತದೆ. ಹಳೆಯ ಡಬ್ಬ ಇಟ್ಟಿದ್ದೇನೆ ಎಂದು ಬರೆದಿದ್ದೆ. ಅದರಿಂದ ಒಂದು ತುಂಡು ಕತ್ತರಿಸಿ ಕವಲಿನ ಬಾಯಿಗೆ ಕೂರಿಸಲು ಹೇಳು. ದನಿ ಅದೇ ಬರಬೇಕಲ್ಲ.

ಯಾಕೆ ಎಂದು ಕೇಳಬೇಡಿ ಎಂದು ಬರೆದಿದ್ದೀಯ. ಕೇಳುವುದಿಲ್ಲ. ಆ ಪದ ಎರಡು ಅರ್ಥದಲ್ಲೂ ಸರಿಯಾಗಿದೆ. ಜೂನ್ ತಿಂಗಳಲ್ಲಿ ಒಂದು ದಿನ ನನ್ನ ತಂಗಿಯ ಬೆರಳಿಗೆ ಮಸಿ ಹತ್ತಿತ್ತು. ಅವಳು ಕಾಗದ ಬರೆದದ್ದು ಅವಳ ಮದುವೆ ಆದಮೇಲೆ ಅದೇ ಮೊದಲು.

ಎಳೆಯುವುದಾದರೆ ತಿರುವಿನಲ್ಲೇ ಎಳೆ. ಶೆಡ್ಡಿನ ಮುಂದೆ ಎಳೆದರೆ ನಾನು ಎದ್ದು ಬರುವುದರೊಳಗೆ ನೀನು ಬಿಸಿಲಲ್ಲಿ ನಿಲ್ಲಬೇಕಾಗುತ್ತದೆ.

ಮಾವ


ಸೆಪ್ಟೆಂಬರ್ ೧೭

ಅಮ್ಮಾ,

ನೀನು ಊರು ತಲುಪಿದ್ದಕ್ಕೆ ಎರಡು ಸಾಲು ಬರೆ.

ಮೊನ್ನೆ ನೀನು ಬರುತ್ತೀಯೆಂದು ಗೊತ್ತಿತ್ತು. ಯಾವ ದಿನ ಎಂದು ನೀನೇ ಬರೆದಿದ್ದೆ. ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದೆ. ಬೆಳಿಗ್ಗೆಯಿಂದ ಗುರುತು ನೋಡುತ್ತಾ, ಕೆಲಸಕ್ಕೆ ಕೂತೆ. ಊಟದ ಹೊತ್ತಿಗೆ ಮೇಜಿನ ಮೇಲಿನ ಮೊಳೆಗಳು ಅಲುಗಿದವು. ಆಮೇಲೆ ಅಂಗಾಲಿಗೆ ಬಂತು, ಆಮೇಲೆ ಎದೆಗೆ. ಎದ್ದೆ. ಚಿಲಕ ತೆಗೆದೆ. ಬಾಗಿಲು ಪೂರಾ ತೆರೆಯುವ ಮುಂಚೆಯೇ, ‘ಬಂದೆಯಾ, ಮಾನ ಕಳೆಯೋಕೆ’ ಎಂದು ಬಾಯಿ ಬಿಟ್ಟಿದ್ದೆ.

ಇಳಿದವಳು ನೀನು.

ನಾನು ಬೈದದ್ದು ನಿನ್ನನ್ನಲ್ಲ. ನಿನಗೆ ತಿಳಿಯಿತು ಎಂದು ಕಂಡಿತು, ನೀನು ತಲೆ ತಗ್ಗಿಸಿ ಅಷ್ಟನ್ನೂ ಕೇಳಿಸಿಕೊಂಡೆ. ಅರ್ಧಕ್ಕೆ ನಿಲ್ಲಿಸಲು ನನಗೂ ಆಗಲಿಲ್ಲ. ತಂಗಿ ಒಳಗಿನಿಂದ ಬಂದು ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ನಗುತ್ತಿದ್ದಳೋ ಏನೋ, ತುಟಿ ಕಾಣಿಸಲಿಲ್ಲ.

ರಾತ್ರಿ ಕೂತು ಒಂದನ್ನು ಯೋಚಿಸಿದೆ. ನನ್ನ ಮಗ ನನ್ನ ಹತ್ತಿರ ಕೆಲಸ ಕಲಿತವನು. ಟೊಳ್ಳು ಡಬ್ಬದಿಂದ ಚೂಪು ಸದ್ದೂ ತೆಗೆಯಬಹುದು, ದಪ್ಪ ಸದ್ದೂ ತೆಗೆಯಬಹುದು. ಶೋಕಿ ಮಾಡುವವರೆಲ್ಲ ಚೂಪು ಸದ್ದು ಕಟ್ಟಿಸುತ್ತಾರೆ. ಇವನು ದಪ್ಪದ್ದನ್ನು, ಕಾಲಿಗೆ ತಿಳಿಯುವುದನ್ನು, ಕಟ್ಟಿಸಿದ್ದ. ಅಷ್ಟು ಬೈಯುವಾಗ ಇಷ್ಟು ನೋಡಬಹುದಿತ್ತು.

ಕೊಡೆಯನ್ನು ಈ ಸಲವೂ ಬಿಟ್ಟು ಹೋಗಿದ್ದೀಯ.

ಮಾವ


ಡಿಸೆಂಬರ್ ೫

ನಿನಗೆ,

ಈ ವಿಳಾಸದಲ್ಲಿ ನೀನಿಲ್ಲ ಎಂದು ಮೊಹರು ಒತ್ತಿದವರೇ ಹೇಳಿದ್ದಾರೆ. ಬೇರೆ ವಿಳಾಸ ನನ್ನ ಹತ್ತಿರ ಇಲ್ಲ, ಅದಕ್ಕೆ ಅಲ್ಲಿಗೇ ಬರೆಯುತ್ತಿದ್ದೇನೆ. ವಾಪಸು ಬಂದರೆ ಮೆಟ್ಟಿಲ ಕೆಳಗೆ ಜಾಗವಿದೆ. ನಿನ್ನ ಡಬ್ಬದಲ್ಲಿ ಉಳಿದ ಅರ್ಧ ಅಲ್ಲೇ ಇದೆ.

ಪಿಕಪ್ ಚೆನ್ನಾಗಿದೆ. ಸದ್ದಿಲ್ಲದೆ ಓಡುತ್ತದೆ. ಸೀಟಿನ ಪಕ್ಕ ಒಂದು ಹಿಡಿ ಇದೆ. ಅದನ್ನು ಎಳೆಯುವುದು ಒಂದೇ ಕಡೆ, ನಿಮ್ಮಪ್ಪನ ಬೀದಿಯ ತಿರುವಿನಲ್ಲಿ. ತಿಂಗಳಿಗೊಮ್ಮೆ ಹೋಗುತ್ತೇನೆ. ಬೀದಿಯವರು ಕಿಟಕಿಯಿಂದ ಇಣುಕಿ, ಗಂಡನ ಹುಚ್ಚು ಹೆಂಡತಿಗೂ ಹಿಡಿಯಿತು ಎಂದು ಆಡಿಕೊಳ್ಳುತ್ತಾರೆ. ನಾನು ಗಾಡಿ ನಿಲ್ಲಿಸುವ ಹೊತ್ತಿಗೆ ಬಾಗಿಲು ತೆರೆದಿರುತ್ತದೆ, ಅವರು ನಿಂತಿರುತ್ತಾರೆ. ಮೊದಲ ಸಲ ಬೈದರು. ಈಗ ಬೈಯುವುದಿಲ್ಲ. ನಾನು ಇಳಿದ ಮೇಲೂ ಸ್ವಲ್ಪ ಹೊತ್ತು ನನ್ನ ಆಚೆ, ಸೀಟಿನ ಇನ್ನೊಂದು ಬದಿಯ ಬಾಗಿಲನ್ನು ನೋಡುತ್ತಾರೆ. ಆಮೇಲೆ, ‘ಬಾಮ್ಮ’ ಅನ್ನುತ್ತಾರೆ.

ಇಷ್ಟು ವರ್ಷ ನಾವಿಬ್ಬರೂ ನಿನ್ನನ್ನು ಒಬ್ಬರ ತಲೆಗೆ ಒಬ್ಬರು ಕಟ್ಟುತ್ತಿದ್ದೆವು: ನಾನು ‘ನಿಮ್ಮ ಮಗ’ ಅನ್ನುವುದು, ಅವರು ‘ನಿನ್ನ ಗಂಡ’ ಅನ್ನುವುದು. ಕಳೆದ ಕಾಗದದಲ್ಲಿ ಅವರು ‘ನನ್ನ ಮಗ’ ಎಂದು ಬರೆದಿದ್ದಾರೆ. ಅದನ್ನು ನಿನಗೆ ತಿಳಿಸಬೇಕು ಅನ್ನಿಸಿತು.

ನನಗೆ ನಿನ್ನ ಮೇಲಿನ ಸಿಟ್ಟು ಹೋಗಿಲ್ಲ. ನೀನು ಯಾಕೆ ಹೋದೆ ಎಂದು ಕೇಳುವುದನ್ನು ಬಿಟ್ಟು ಬಹಳ ದಿನವಾಯಿತು. ಅದಕ್ಕೆ ಏನೇ ಉತ್ತರ ಬಂದರೂ ನನಗೆ ಸಾಲದು. ಅಪ್ಪನಿಗೆ ಒಂದು ಮಾತು ಹೇಳಿದ್ದರೆ, ನನಗಾದರೂ ಹೇಳಿದ್ದರೆ, ಎಂದು ಓಡಿಸುವಾಗಲೆಲ್ಲ ಗೊಣಗುತ್ತಿರುತ್ತೇನೆ. ಆಮೇಲೆ ಅನ್ನಿಸುತ್ತದೆ, ನೀನು ಹೇಳಿಯೇ ಇದ್ದೆಯೇನೋ.

ಅಡುಗೆಮನೆಯ ಕಿಟಕಿ ಈಗಲೂ ಹಾಗೇ ಇದೆ. ಮೊನ್ನೆ ಕಿಡಿಯನ್ನು ಕರೆದು ಗಾಡಿಯಲ್ಲಿ ಕೂರಿಸಿ, ಹಿಡಿ ಎಳೆದು ಏನಾದರೂ ಮಾತಾಡು ಅಂದೆ. ನಾನು ಒಳಗೆ ಹೋಗಿ ಕಿಟಕಿಯಲ್ಲಿ ನಿಂತೆ. ಅವನ ತುಟಿ ಆಡುವುದು ಕಂಡಿತು, ಮಾತು ಕೇಳಿಸಲಿಲ್ಲ. ನಿಮ್ಮಪ್ಪನಾಗಿದ್ದರೆ ನೋಡಿಯೇ ಹೇಳಿಬಿಡುತ್ತಿದ್ದರು. ಆ ದಿನ ನಾನು ನಿನ್ನ ತುಟಿ ನೋಡಲಿಲ್ಲ, ಗಾಡಿಯನ್ನು ನೋಡುತ್ತಿದ್ದೆ.

ಇಷ್ಟೇ ಕೇಳಬೇಕಾಗಿತ್ತು. ‘ಕೇಳಿಸಲಿ ಬಿಡು’ ಅನ್ನುವುದಕ್ಕೆ ಮುಂಚೆ, ಆ ಸದ್ದಿನಲ್ಲಿ ಮುಳುಗಿಹೋದ ಆ ಒಂದು ಪದ, ಅದು ‘ಅಪ್ಪನಿಗೆ’ ಅಂತಲಾ?